ದೋಣಿಗೆ ಮೂರು ಮೊಳ ಈಚೆ

ನಿಚ್ಚಣಿಕೆಯ ತುದಿಗೆ ಬಂದಾಗ ಕುಂಬಿ ಹಿಡಿಯಬೇಡಿ, ಕಲ್ಲು ಸಡಿಲಾಗಿದೆ. ಚಪ್ಪಲಿ ಕೆಳಗೇ ಬಿಡಿ. ಮಾಳಿಗೆಯ ಮಣ್ಣು ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ ಎಂಬುದು ಬರಿಗಾಲಿಗೆ ತಿಳಿದಷ್ಟು ಕಣ್ಣಿಗೆ ತಿಳಿಯುವುದಿಲ್ಲ.

ಬಸವನ ಬಾಗೇವಾಡಿ ಬಿಟ್ಟು ಮುದ್ದೇಬಿಹಾಳದತ್ತ ಹೊರಟರೆ ಸಿಗುವ ಹಳ್ಳಿಗಳಲ್ಲೊಂದು ಇದು. ರೋಹಿಣಿ ಕೂಡಿ ಮೂರು ದಿನವಾಗಿದೆ, ಮಿರಗಕ್ಕೆ ಇನ್ನು ಹತ್ತೇ ದಿನ. ಬೆಳಗಿನ ಎಂಟಕ್ಕೇ ಬಿಸಿಲು ಬೆನ್ನು ಸುಡುತ್ತಿದೆ. ಬೆಳಕಿಂಡಿಯ ಕೆಳಗೆ ನಿಂತ ಮನೆಯಾಕೆ ಮುಖವೆತ್ತಿ ಕೂಗುತ್ತಾಳೆ: "ಕಾಕಾ, ಜ್ವಾಳದ ಚೀಲ ಇಟ್ಟಲ್ಲೇ ಸೋರಿತ್ರಿ. ಅಲ್ಲೇ ನೋಡ್ರಿ!"

ಮಾಳಿಗೆ ಕೆಲಸದಲ್ಲೇ ತಲೆ ನರೆತ ಕಾಕಾ ಅಲ್ಲಿ ನೋಡುವುದಿಲ್ಲ. "ಸೋರಿದಲ್ಲೇ ತೂತು ಇರಂಗಿಲ್ಲವ್ವ. ನೀರು ಎಲ್ಲೋ ಒಳಗ ಹೊಕ್ಕು, ಜಂತಿ ಹಿಡದು ಬಂದು, ಇಲ್ಲಿ ತೊಟ್ಟಿಕ್ಕತೈತಿ." ಒಳಗೆ ಪಡಸಾಲೆಯಲ್ಲಿ ನೀವೂ ಅದನ್ನು ಕಂಡಿರಿ. ಜೋಳದ ಚೀಲದ ಮೇಲಿನ ಜಂತಿಯುದ್ದಕ್ಕೂ ಚಹಾ ಚೆಲ್ಲಿದಂಥ ಕಂದು ಕಲೆ, ಬೀದಿ ಗೋಡೆಯ ಕಡೆಗೆ ಹೋದಷ್ಟೂ ಕಪ್ಪಾಗುತ್ತಿತ್ತು.

ಕಾಕಾ ಒಂದು ಕೊಡ ನೀರು ಮೇಲಕ್ಕೆ ತರಿಸಿ ಹಿತ್ತಿಲ ಮೂಲೆಯಲ್ಲಿ ನಿಧಾನಕ್ಕೆ ಸುರಿಯುತ್ತಾನೆ. ಕೂತು ನೋಡಿ. ನೀರು ಹಾವಿನಂತೆ ಹೊರಟು ನಡುವೆ ಬೆಳಕಿಂಡಿಯ ಕಟ್ಟೆ ಸುತ್ತಿ, ಮಾಳಿಗೆಯ ನೀರನ್ನು ಬೀದಿಗೆ ಬಿಡುವ ದೋಣಿಯ ಕಡೆ ಬರುತ್ತದೆ. ದೋಣಿಗೆ ಮೂರು ಮೊಳ ಈಚೆ ನಿಂತುಬಿಡುತ್ತದೆ. ಅಂಗೈಯಗಲದ ಮಡು. ನೋಡನೋಡುತ್ತಲೇ ಅದು ಸಣ್ಣದಾಗುತ್ತದೆ. ಬಿಸಿಲಿಗೆ ಆರಿದ್ದಲ್ಲ, ಅಷ್ಟು ಬೇಗ ಯಾವ ನೀರೂ ಆರುವುದಿಲ್ಲ.

ಅಲ್ಲಿ ಮಾಳಿಗೆಯ ಬಣ್ಣವೇ ಬೇರೆ. ಎರಡು ವರ್ಷದ ಹಿಂದೆ ಸೋರಿಕೆ ನಿಲ್ಲಲೆಂದು ಯಾರದೋ ಮಾತು ಕೇಳಿ ಮಣ್ಣಿನ ಮೇಲೆ ಸಿಮೆಂಟು ಬಳಿಸಿದ್ದಾರೆ. ಕಾಕಾ ಬೆರಳ ಗೆಣ್ಣಿನಿಂದ ಬಡಿಯುತ್ತಾನೆ. ಒಂದು ಕಡೆ ಗಟ್ಟಿ ಸದ್ದು, ಒಂದು ಗೇಣು ಈಚೆಗೆ ಖಾಲಿ ಡಬ್ಬಿಯ ಸದ್ದು. ನೀವೂ ಬಡಿದು ನೋಡಿ. ಕೂದಲೆಳೆಯ ಬಿರುಕಿಗೆ ಕುರುಪಿ ತುದಿ ಸೇರಿಸಿ ಎತ್ತಿದರೆ ಸಿಮೆಂಟಿನ ಹಲ್ಲೆ ಸುಟ್ಟ ರೊಟ್ಟಿಯಂತೆ ಏಳುತ್ತದೆ. ಅಡಿಯ ಮಣ್ಣು ಮುಟ್ಟಿ. ಅಡ್ಡಮಳೆ ಬಂದು ಎಂಟು ದಿನವಾಗಿದೆ, ಇನ್ನೂ ಹಸಿ.

ರೋಗ ಇದೇ. ಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಿಮೆಂಟು ಅದರ ಜೊತೆ ಉಬ್ಬದು, ಕುಗ್ಗದು, ಬಿರಿಯುತ್ತದೆ. ಬಿರುಕಿನಿಂದ ಇಳಿದ ನೀರನ್ನು ಬಿಸಿಲು ಮೇಲಕ್ಕೆಳೆಯಲಾರದು. ಆರಲು ದಾರಿಯಿಲ್ಲದ ನೀರು ಕೆಳಗಿಳಿದು ಕಟ್ಟಿಗೆ ತಿನ್ನುತ್ತದೆ. ವಿಲಾಯಿತಿಯಲ್ಲಿ ಸಪಾಟು ಮಾಳಿಗೆಗೆ ಫೈಬರ್‌ಗ್ಲಾಸ್ ಹೊದಿಸಿ ಮೇಲೊಂದು ಲೇಪ ಕೊಡುತ್ತಾರೆ. ಧೂಳು, ಹಸಿ ಹಾಗೇ ಇದ್ದಾಗ ಬಳಿದರೆ ಅದೂ ಹೀಗೇ ಹಲ್ಲೆ ಹಲ್ಲೆಯಾಗಿ ಏಳುತ್ತದೆ. ಇಂಡಿ, ಸಿಂದಗಿಯ ಆರ್‌ಸಿಸಿ ಮನೆಗಳ ಮೇಲೆ ಬಳಿಯುವ ವಾಟರ್‌ಪ್ರೂಫ್ ಬಣ್ಣಕ್ಕೂ ಇದೇ ಮಾತು.

ಹಸಿ ಮಣ್ಣು ಸರಿಸಿದರೆ ಬೇವಿನ ಸೊಪ್ಪಿನ ಪದರು ಕಪ್ಪಗೆ ಕೊಳೆತಿದೆ. ಅದರಡಿಯ ಕಟ್ಟಿಗೆ ಚಿಲಿಕೆಗಳಲ್ಲಿ ನಾಲ್ಕನ್ನು ಗೆದ್ದಲು ಹಿಡಿದಿದೆ. ಜಂತಿಗೆ ಕುಡುಗೋಲ ತುದಿ ಒತ್ತಿದ ಕಾಕಾ ಉಸಿರು ಬಿಡುತ್ತಾನೆ: "ಜಂತಿ ಉಳದೈತಿ ತಂಗಿ. ಇನ್ನೊಂದು ಮಳಿಗಾಲ ಬಿಟ್ಟಿದ್ರ ಇದೂ ಹೋಗತಿತ್ತು."

ಕೊಳೆತಷ್ಟನ್ನೇ ಕಿತ್ತು ಮೇಲೆ ಮುಚ್ಚಿದರೆ ಆಗದೇ ಎಂದು ಆಕೆ ಕೇಳುತ್ತಾಳೆ. ಆಗದು. ಸಿಮೆಂಟು ಪೂರ್ತಿ ತೆಗೆಯಬೇಕು, ಮೂರು ದಿನ ಬಿಸಿಲು ಕುಡಿಸಬೇಕು. ಆಮೇಲೆ ಹೊಸ ಜಾಲಿ ಚಿಲಿಕೆ, ಹೊಸ ಬೇವಿನ ಸೊಪ್ಪು, ಹೊಟ್ಟು ಬೆರೆಸಿ ತುಳಿದ ಮಣ್ಣು. ಕಡೆಗೆ ಹಾಳಮಣ್ಣು.

ಈ ಹಾಳಮಣ್ಣಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಹೊಲದ ಎರೆಮಣ್ಣು ಬೇಸಿಗೆಗೆ ಕೈ ಹೋಗುವಷ್ಟು ಬಾಯಿಬಿಡುತ್ತದೆ, ಮಾಳಿಗೆಗೆ ಆಗಿಬರುವುದಿಲ್ಲ. ಜನ ಬಿಟ್ಟುಹೋದ ಹಳೆಯ ಊರಿನ ದಿಬ್ಬದ ಬೂದಿಬಣ್ಣದ ಮಣ್ಣೇ ಬೇಕು. ಕಾಕಾ ಚಿಟಿಕೆ ಮಣ್ಣು ನಾಲಿಗೆಗಿಟ್ಟು ಸವಳು ನೋಡುತ್ತಾನೆ. ಆ ಸವಳಿನ ಸೋಡಿಯಂ ಮಳೆ ಬಿದ್ದೊಡನೆ ಜೇಡಿಯ ಕಣಗಳನ್ನು ಬಿಡಿಬಿಡಿ ಮಾಡುತ್ತದೆ. ಅವು ಸಂದುಗೊಂದು ತುಂಬಿ ನೀರಿನ ದಾರಿ ಕಟ್ಟುತ್ತವೆ. ಭೀಮೆಯಾಚೆ ಸೊಲ್ಲಾಪುರದ ಕಡೆಯವರೂ ತಮ್ಮ ಮಾಳಿಗೆ ಮನೆಗಳಿಗೆ ಪಾಂಢರಿ ಎಂಬ ಬಿಳಿ ಮಣ್ಣನ್ನೇ ಹಾಕುತ್ತಾರೆ. ಒಂದು ಮಾತು: ಆ ದಿಬ್ಬಗಳಲ್ಲಿ ಮಡಕೆ ಚೂರು, ಬಳೆ ಚೂರು ಸಿಗುತ್ತವೆ, ಅವು ನಮ್ಮ ಹಿಂದಿನವರ ಊರುಗಳು. ಪ್ರಾಚ್ಯವಸ್ತು ಇಲಾಖೆಯ ಫಲಕವಿರುವ ಕಡೆ ಗುದ್ದಲಿ ಹಾಕಬಾರದು. ಬಿದ್ದ ಹಳೆಯ ಗೋಡೆಗಳ ಮಣ್ಣೂ ನಡೆಯುತ್ತದೆ.

ಐದನೆಯ ದಿನ ಮತ್ತೆ ಹತ್ತಿ. ಸಾಣಿಸಿದ ಹಾಳಮಣ್ಣು ಎರಡು ಬೆರಳು ದಪ್ಪ ಬಿದ್ದಿದೆ, ನೀರು ಚಿಮುಕಿಸಿ ದಮ್ಮಸು ಹೊಡೆದಿದ್ದಾರೆ. ತಗ್ಗಿದ್ದ ಜಾಗಕ್ಕೆ ನಾಲ್ಕು ಬುಟ್ಟಿ ಹೆಚ್ಚು. ದೋಣಿಯ ಪರಸಿ ಕಲ್ಲಿನ ಬಾಯಿಗೆ ಕಟ್ಟಿದ್ದ ಗುಬ್ಬಿಗೂಡಿನ ಕಸ ತೆಗೆದಾಗಿದೆ.

ಮತ್ತೆ ಒಂದು ಕೊಡ. ಈ ಸಲ ನೀರು ಎಲ್ಲೂ ನಿಲ್ಲದೆ ದೋಣಿಗೆ ಹೋಗಿ ಬೀದಿಗೆ ಧುಮುಕುತ್ತದೆ. ಕೆಳಗೆ ಹುಡುಗನೊಬ್ಬ ತಲೆಯೊಡ್ಡಿ ನಿಲ್ಲುತ್ತಾನೆ.

ವಿಜಯಪುರ ಜಿಲ್ಲೆಗೆ ವರ್ಷವಿಡೀ ಬೀಳುವುದು 600 ಮಿಲಿಮೀಟರಿನ ಆಸುಪಾಸು ಮಳೆ, ಅದರಲ್ಲಿ ಜೋರು ಸೆಪ್ಟೆಂಬರಿನದು. ಉತ್ತರಿ, ಹಸ್ತದ ಹೊತ್ತಿಗೆ ಮಾಳಿಗೆ ರಿಪೇರಿಗೆ ಬಿಸಿಲು ಸಿಗುವುದಿಲ್ಲ. ಮಿರಗ ಕೂಡುವ ಮೊದಲೇ ನಿಮ್ಮ ಮಾಳಿಗೆಯನ್ನೂ ಒಮ್ಮೆ ಹತ್ತಿ ನೋಡಿ. ಒಂದು ಕೊಡ ನೀರು ಜೊತೆಗಿರಲಿ.