ಕ್ಯಾಂಟೀನಿನ ಹುರುಳಿ ಗುಗ್ಗರಿ

ತಾಳವಾಡಿಯ ಕಡೆ ಕನ್ನಡ ಶಾಲೆಯಲ್ಲಿ ಓದಿ, ಹೊಟ್ಟೆಪಾಡಿಗಾಗಿ ತಿರುಪ್ಪೂರಿನ ಬನಿಯನ್ ಕಾರ್ಖಾನೆಯೊಂದನ್ನು ಸೇರಿದವಳು ನಾನು. ಒಂದು ದಿನ ಬೆಳಗಿನ ಹನ್ನೊಂದರ ವೇಳೆಗೆ, ನಮ್ಮ ಸಾಲಿನಲ್ಲಿದ್ದ ನಮ್ಮೂರ ಕಡೆಯ ಹುಡುಗಿಯೊಬ್ಬಳು ಹೊಲಿಗೆಯಂತ್ರದ ಮೇಲೆ ತಲೆಯಿಟ್ಟಳು. ನಿದ್ರೆಯೆಂದು ಭಾವಿಸಿ ನಾವು ನಕ್ಕೆವು. ಆ ನಗೆ ಇಂದಿಗೂ ನನ್ನನ್ನು ಚುಚ್ಚುತ್ತದೆ. ಆಸ್ಪತ್ರೆಯಲ್ಲಿ ನೋಡಿದರೆ, 12 ಗ್ರಾಂ ಇರಬೇಕಾದ ಹಿಮೋಗ್ಲೋಬಿನ್ 8ಕ್ಕೆ ಇಳಿದಿತ್ತು.

ಅವಳು ಉಪವಾಸವಿದ್ದವಳಲ್ಲ. ಬೆಳಿಗ್ಗೆ ಬೋಂಡ, ಚಹಾ. ಮಧ್ಯಾಹ್ನ ಬಿಳಿಯನ್ನ, ತಿಳಿಸಾರು, ಕೈತೊಳೆದೊಡನೆ ಮತ್ತೆ ಚಹಾ. ನಾವೆಲ್ಲರೂ ಉಣ್ಣುತ್ತಿದ್ದುದು ಅದನ್ನೇ. ಊಟದೊಡನೆ ಕುಡಿದ ಚಹಾ ಆಹಾರದಲ್ಲಿನ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆಂದು ವೈದ್ಯರು ಹೇಳಿದಾಗಲೇ ನನಗೆ ತಿಳಿದದ್ದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ತಮಿಳುನಾಡಿನಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿದೆ.

250ಕ್ಕಿಂತ ಹೆಚ್ಚು ಮಂದಿ ದುಡಿಯುವ ಕಾರ್ಖಾನೆಗಳ ಕ್ಯಾಂಟೀನ್ ಕುರಿತು ನಿಯಮ ಮಾಡಿದ್ದ 1948ರ ಕಾರ್ಖಾನೆ ಕಾಯ್ದೆಯ 46ನೆಯ ಕಲಮು, ಅದರ ಆಡಳಿತ ಸಮಿತಿಯಲ್ಲಿ ಕಾರ್ಮಿಕರಿಗೂ ಸ್ಥಾನವನ್ನು ಹೇಳಿತ್ತು. ನಮ್ಮಲ್ಲಿನ ಸಮಿತಿಯಲ್ಲಿ ನಾನೂ ಇದ್ದೆ. ಅದುವರೆಗೆ ಬೆಲೆಯೊಂದನ್ನು ಬಿಟ್ಟು ಬೇರೇನನ್ನೂ ಮಾತನಾಡಿರಲಿಲ್ಲ. ಈಗ ಬೋಂಡ ನಿಲ್ಲಿಸಿ ರಾಗಿಗಂಜಿ ಕೊಡಿರೆಂದು ಹಟ ಹಿಡಿದೆ. ಅದು ನಡೆದದ್ದು ಮೂರೇ ದಿನ. ಗಂಜಿ ಪಾತ್ರೆಯಲ್ಲಿಯೇ ಉಳಿಯಿತು; ಎಲ್ಲರೂ ಗೇಟಿನಾಚೆಯ ಅಂಗಡಿಯಲ್ಲಿ ಬೋಂಡ ತಿಂದರು. “ಊರಲ್ಲಿ ರಾಗಿ ತಿಂದದ್ದು ಸಾಲದೇ ಅಕ್ಕಾ, ಇಲ್ಲಿಯೂ ಅದೇನಾ?” ಎಂದವಳು ಆ ಹುಡುಗಿಯೇ.

ದಾರಿ ತೋರಿಸಿದವರು ಅಡುಗೆಯ ಅಮ್ಮ. “ಬೋಂಡ ಇರಲಿ, ಅದರ ಮುಂದೆ ಇನ್ನೊಂದನ್ನು ಇಡೋಣ” ಎಂದರು. ಮೊಳಕೆ ಕಟ್ಟಿದ ಹುರುಳಿಯನ್ನು ಬೇಯಿಸಿ, ಒಗ್ಗರಣೆ ಹಾಕಿ, ತೆಂಗಿನತುರಿ ಬೆರೆಸಿ, ನಿಂಬೆ ಹಿಂಡಿದರು. ನಮಗದು ಗುಗ್ಗರಿ, ತಮಿಳು ಗೆಳತಿಯರಿಗೆ ಸುಂಡಲ್. ಕಾಳು ಮೊಳೆತರೆ ಅದರ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ದೊರೆಯುತ್ತದೆ. ನಿಂಬೆಯ ಹುಳಿಯೂ ಅದಕ್ಕೆ ನೆರವಾಗುತ್ತದೆ. ಬೆಲೆಯನ್ನು ಬೋಂಡಕ್ಕಿಂತ ಕಡಿಮೆ ಇಡಿಸಿದೆವು. ಊಟದ ನಂತರದ ಚಹಾವನ್ನು ಒಂದು ಗಂಟೆ ಮುಂದೂಡಲು ಮೇಲ್ವಿಚಾರಕರು ಒಪ್ಪಲಿಲ್ಲ, ಯಂತ್ರಗಳು ನಿಲ್ಲುತ್ತವೆಂದರು. ಚಹಾವನ್ನು ಸಾಲಿಗೇ ತಂದುಕೊಡುವ ಏರ್ಪಾಡಾದ ಮೇಲೆ ಒಪ್ಪಿದರು.

ಬೋಂಡ ಇಂದಿಗೂ ಇದೆ. ಆದರೆ ಮೊದಲು ಬರಿದಾಗುವುದು ಗುಗ್ಗರಿಯ ಪಾತ್ರೆ. ವೈದ್ಯರು ಕೊಟ್ಟ ಮಾತ್ರೆಗಳನ್ನೂ ತಪ್ಪದೆ ನುಂಗಿದ ಆ ಹುಡುಗಿ ಆರು ತಿಂಗಳಲ್ಲಿ 11ಕ್ಕೆ ಏರಿದಳು.

ನಮ್ಮ ಮಕ್ಕಳು ಶಾಲೆ ಮುಗಿಸಿ ಕೊಯಮತ್ತೂರು, ತಿರುಪ್ಪೂರುಗಳಿಗೆ ದುಡಿಯಲು ಬರುತ್ತಾರೆ. “ಊಟ ಆಯಿತೇ?” ಎಂದು ನಾವು ಫೋನಿನಲ್ಲಿ ಕೇಳುತ್ತೇವೆ, “ಆಯಿತು” ಎಂದರೆ ನೆಮ್ಮದಿಯಿಂದಿರುತ್ತೇವೆ. ಅವಳ ತಾಯಿಯೂ ದಿನವೂ ಹಾಗೆಯೇ ಕೇಳುತ್ತಿದ್ದರು, ಅವಳೂ ಸುಳ್ಳಾಡಿರಲಿಲ್ಲ. ಏನು ಉಂಡೆಯೆಂದೂ ಒಮ್ಮೆ ಕೇಳಿರಿ.