ದಿನಕ್ಕೊಂದು ಪ್ರಶ್ನೆ

ನಮ್ಮ ಮನೆಯಲ್ಲಿ ಅತ್ತೆ-ಸೊಸೆಯರಿಗೆ ಮಾತು ಬೆಳೆಯುತ್ತಿದ್ದದ್ದು ಸಾರಿಗೆ ಉಪ್ಪು ಹೆಚ್ಚಾಯಿತೆಂದಲ್ಲ, ಟಿ.ವಿ.ಯಲ್ಲಿ ಕ್ವಿಜ್ ವಾರಕ್ಕೊಮ್ಮೆ ಬಂದರೆ ಚೆನ್ನೋ, ದಿನಾ ರಾತ್ರಿ ಬಂದರೆ ಚೆನ್ನೋ ಎಂದು. ನಗಬೇಡಿ. ನಾನು ವಾರದ ಪಕ್ಷ, ಅತ್ತೆ ದಿನದ ಪಕ್ಷ. ವರ್ಷಗಟ್ಟಲೆ ಇಬ್ಬರೂ ಸೋಲಲಿಲ್ಲ.

ನನ್ನ ಪಕ್ಷಕ್ಕೆ ಕಾರಣವಿತ್ತು. 1985ರಲ್ಲಿ ದೂರದರ್ಶನದಲ್ಲಿ ಸಿದ್ಧಾರ್ಥ ಬಸು ಅವರ 'ಕ್ವಿಜ್ ಟೈಮ್' ಶುರುವಾದಾಗ ನಾನಿನ್ನೂ ಹೈಸ್ಕೂಲು ಹುಡುಗಿ. ನಮ್ಮ ಬೀದಿಗೆಲ್ಲ ಒಂದೇ ಟಿ.ವಿ. ಅದು ವಾರಕ್ಕೊಮ್ಮೆ ಬರುವ ಇಂಗ್ಲಿಷ್ ಕಾರ್ಯಕ್ರಮ. ನನಗೆ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಇಲ್ಲ. ಕೇಳಿಸಿದಷ್ಟನ್ನು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಗೀಚಿಕೊಂಡು, ಆ ಊರು ಅಟ್ಲಾಸಿನಲ್ಲಿ ಎಲ್ಲಿದೆ, ಆ ವಿಜ್ಞಾನಿ ಯಾರು ಎಂದು ಮೇಷ್ಟ್ರನ್ನೂ ಲೈಬ್ರರಿಯನ್ನೂ ವಾರವಿಡೀ ಪೀಡಿಸುತ್ತಿದ್ದೆ. ಒಂದು ಕಂತಿಗೂ ಇನ್ನೊಂದಕ್ಕೂ ನಡುವಿನ ಆ ಏಳು ದಿನಗಳಲ್ಲೇ ನಾನು ಕಲಿತದ್ದು ಹೆಚ್ಚು. ದಿನಾ ಬಂದಿದ್ದರೆ ಒಂದರ ಮೇಲೊಂದು ಬಿದ್ದು ಎಲ್ಲವೂ ಮರೆತುಹೋಗುತ್ತಿತ್ತು ಎಂಬುದು ನನ್ನ ವಾದ.

ಅಮೆರಿಕದ ಸಾಕ್ಷಿಯನ್ನೂ ಮುಂದಿಡುತ್ತಿದ್ದೆ. 1999ರ ಆಗಸ್ಟಿನಲ್ಲಿ ಅಲ್ಲಿನ ಎಬಿಸಿ ವಾಹಿನಿ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್' ಎಂಬ ಕ್ವಿಜ್ಜನ್ನು ಎರಡು ವಾರ ರಾತ್ರಿ ರಾತ್ರಿ ತೋರಿಸಿತು. ಜನ ಮುಗಿಬಿದ್ದರು. ಆಸೆ ಬಿದ್ದ ವಾಹಿನಿ ಆಮೇಲೆ ವಾರದಲ್ಲಿ ಹಲವು ರಾತ್ರಿ ಅದನ್ನೇ ಬಡಿಸಿತು. 2002ರ ಹೊತ್ತಿಗೆ ಜನಕ್ಕೆ ಸಾಕಾಗಿ, ರಾತ್ರಿಯ ಕಾಯಂ ಪಟ್ಟಿಯಿಂದ ಅದು ಎದ್ದೇ ಹೋಯಿತು. ಅದೇ ಆಟದ ನಮ್ಮ ರೂಪ 'ಕೌನ್ ಬನೇಗಾ ಕರೋಡ್‌ಪತಿ'. 2000ದ ಜುಲೈ 3ರಿಂದ ಸೋಮವಾರದಿಂದ ಗುರುವಾರದವರೆಗೆ ರಾತ್ರಿ 9ಕ್ಕೆ ಅಮಿತಾಭ್ ಬಚ್ಚನ್ ಬರುತ್ತಿದ್ದರು. ನಮ್ಮ ಮನೆಯವರು ತಟ್ಟೆ ಹಿಡಿದು ಅಲ್ಲೇ ಕೂರುತ್ತಿದ್ದರು, ನಾನು ಸಾರು ಬಡಿಸಲು ಓಡಾಡುತ್ತಿದ್ದೆ. 'ನಿತ್ಯ ಸಾಯುವವರಿಗೆ ಅಳುವವರು ಯಾರು' ಎಂದು ಗೊಣಗುತ್ತಿದ್ದೆ.

ಹಿಂದಿ ಬಾರದ ಅತ್ತೆಗೆ ಆ ಕೋಟಿಯ ಗೊಡವೆ ಇರಲಿಲ್ಲ. ಅವರದು ಚಂದನ ವಾಹಿನಿಯ 'ಥಟ್ ಅಂತ ಹೇಳಿ'. ಡಾ. ನಾ. ಸೋಮೇಶ್ವರ ಅವರು ನಡೆಸಿಕೊಟ್ಟ ಈ ಕಾರ್ಯಕ್ರಮ 2002ರ ಜನವರಿಯಲ್ಲಿ ಶುರುವಾಗಿ, ವಾರದಲ್ಲಿ ಐದು ರಾತ್ರಿ ಬರುತ್ತ ಸಾವಿರಾರು ಕಂತುಗಳನ್ನು ದಾಟಿತು. ಬಹುಮಾನವೆಂದರೆ ಪುಸ್ತಕ. ನನ್ನ ಅಮೆರಿಕದ ಸಾಕ್ಷಿ ಇಲ್ಲಿ ಮುರಿದುಬಿತ್ತು. ಹೋಳಿಗೆಯನ್ನು ದಿನಾ ತಿಂದರೆ ಬೇಸರ ಬಂದೀತು, ಅನ್ನ ಸಾರಿಗೆ ಯಾರು ಬೇಸರಪಟ್ಟಾರು?

ಅತ್ತೆ ಓದಿದ್ದು ನಾಲ್ಕನೇ ಕ್ಲಾಸು. ಹಾಲಿಗೆ ಹೆಪ್ಪು ಹಾಕಿ, ಸೆರಗಿಗೆ ಕೈ ಒರೆಸುತ್ತ ಬಂದು ಗೋಡೆಗೊರಗಿ ಕೂತರೆಂದರೆ ಕಾರ್ಯಕ್ರಮ ಶುರುವಾಯಿತೆಂದೇ ಲೆಕ್ಕ. ನಾನು ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತ, ಸದ್ದು ಜಾಸ್ತಿಯಾಯಿತೆಂದು ಮುಖ ಗಂಟು ಹಾಕುತ್ತಿದ್ದೆ. ಒಂದು ರಾತ್ರಿ ಹಳೆಯ ಕನ್ನಡ ಶಾಸನದ ಪ್ರಶ್ನೆ ಬಂತು. ನಾನು ಪೆನ್ನು ಎತ್ತುವ ಮೊದಲೇ ಅತ್ತೆ, "ಹಲ್ಮಿಡಿ! ಬೇಲೂರು ತಾಲ್ಲೂಕು, ನಮ್ಮ ತೌರಿನ ಕಡೇದು" ಎಂದರು. ಬಿ.ಎ., ಬಿ.ಎಡ್. ಮಾಡಿದವಳು ಪೆನ್ನಿನ ಕ್ಯಾಪು ಮುಚ್ಚಿದೆ.

2019ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿದ 'ಕನ್ನಡದ ಕೋಟ್ಯಧಿಪತಿ' ಶನಿವಾರ, ಭಾನುವಾರ ರಾತ್ರಿ ಬರತೊಡಗಿತು. "ನೋಡಿ ಅತ್ತೆ, ವಾರಕ್ಕೆ ಎರಡೇ ದಿನ. ಇದು ಹದ" ಎಂದು ನಾನು ಬೀಗಿದೆ. ಅವರು ನಕ್ಕರು.

"ಆ ಎರಡು ದಿನಾನೇ ಅಲ್ಲವೇನೇ ಮಗಳು, ಅಳಿಯ, ನೆಂಟರು ಬರೋದು? ಒಲೆ ಮುಂದೆ ಇರೋಳಿಗೆ ಎಲ್ಲಿ ಸಿಗುತ್ತೆ? ದಿನಾ ಬಂದ್ರೆ ಇವತ್ತು ತಪ್ಪಿದ್ರೂ ನಾಳೆ ಇರುತ್ತೆ. ಕರೆಂಟು ಹೋದ್ರೂ ಚಿಂತೆ ಇಲ್ಲ."

ಅಷ್ಟೇ ಅವರು ಹೇಳಿದ್ದು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾವತ್ತೋ ಮರೆತಿದ್ದ ಒಂದು ಸಂಜೆ ನೆನಪಾಯಿತು. 'ಕ್ವಿಜ್ ಟೈಮ್' ಬರುವ ಹೊತ್ತಿಗೇ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ನಾನು ಅಡುಗೆಮನೆಯಲ್ಲಿ ಉಪ್ಪಿಟ್ಟು ಕೆದಕುತ್ತ ನಿಂತೆ, ತಮ್ಮ ಹೋಗಿ ನೋಡಿಕೊಂಡು ಬಂದ. ಯಾವ ಪ್ರಶ್ನೆ ಕೇಳಿದರೆಂದು ವಿಚಾರಿಸಿದರೆ, "ಮರೆತುಹೋಯ್ತು" ಎಂದು ಆಡಲು ಓಡಿದ. ಅತ್ತುಬಿಟ್ಟಿದ್ದೆ. ವಾರಕ್ಕೊಂದು ಗಂಟೆ ಅನ್ನುವುದು ಆ ಗಂಟೆ ಯಾರ ಕೈಯಲ್ಲಿದೆಯೋ ಅವರಿಗೆ ಮಾತ್ರ ಚೆಂದ.

ಆಗ ನಾನು ಶಾಲೆಯಲ್ಲಿ ಪ್ರತಿ ಶನಿವಾರ ತರಗತಿ ಮುಗಿದ ಮೇಲೆ ಕ್ವಿಜ್ ನಡೆಸುತ್ತಿದ್ದೆ. ಬಹುಮಾನ ಹೊಡೆಯುತ್ತಿದ್ದವರು ಅದೇ ನಾಲ್ಕೈದು ಮಕ್ಕಳು. ಎಂಟನೇ ತರಗತಿಯ ಒಬ್ಬ ಹುಡುಗಿ ಬೆಲ್ಲು ಹೊಡೆದ ಕೂಡಲೇ ಚೀಲ ಹೊತ್ತು ಓಡುತ್ತಿದ್ದಳು. ಆಸಕ್ತಿಯಿಲ್ಲದ ಮಗು ಎಂದುಕೊಂಡಿದ್ದೆ. ಸೋಮವಾರ ಕರೆದು ಕೇಳಿದೆ. ಶನಿವಾರ ನಮ್ಮೂರ ಸಂತೆ. ತಾಯಿ ಸೊಪ್ಪು ಮಾರಲು ಕೂರುತ್ತಾಳೆ, ಪುಟ್ಟ ತಮ್ಮನನ್ನು ಇವಳು ನೋಡಿಕೊಳ್ಳಬೇಕು. ಎರಡು ವರ್ಷ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಶನಿವಾರದ ಕ್ವಿಜ್ ನಿಲ್ಲಿಸಿದೆ. ಪ್ರಾರ್ಥನೆಯ ಜಾಗದ ಕಪ್ಪುಹಲಗೆಯ ಮೇಲೆ ದಿನಕ್ಕೊಂದೇ ಪ್ರಶ್ನೆ ಬರೆದೆ. ಉತ್ತರ ಮರುದಿನ ಬೆಳಿಗ್ಗೆ. ದಿನಾ ಬರುವುದು ಅತ್ತೆಯ ಪಾಲು, ಒಂದು ರಾತ್ರಿ ಕಾದು ಹುಡುಕುವುದು ನನ್ನ ಪಾಲು. ಎರಡನೇ ವಾರವೇ ಆ ಹುಡುಗಿ ಚೀಟಿಯಲ್ಲಿ ಉತ್ತರ ಬರೆದು ತಂದಳು. ಚೀಟಿಗೆ ಕೊತ್ತಂಬರಿ ಸೊಪ್ಪಿನ ವಾಸನೆ ಇತ್ತು. ಉತ್ತರ ಸರಿಯಿತ್ತು.

ಅಂದಿನಿಂದ ಸಂಜೆ ನಾನು ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ, "ಇವತ್ತೇನು ಬರೆದೆ?" ಎಂದು ಕೇಳುತ್ತಿದ್ದರು. ಉತ್ತರ ಹೇಳಲು ಹೋದರೆ ಕೈ ಅಡ್ಡ ಹಿಡಿದು, "ಬೇಡ, ಬೆಳಿಗ್ಗೆ ಹೇಳು" ಎನ್ನುತ್ತಿದ್ದರು.

ಅತ್ತೆ ಈಗಿಲ್ಲ. ಕಪ್ಪುಹಲಗೆಯಲ್ಲಿ ಪ್ರಶ್ನೆ ತಪ್ಪಿಲ್ಲ.