ಹಲ್ಲಿನೊಳಗಿನ ಕೆನಾಲು

ನಮ್ಮ ಸಗರನಾಡಿನಲ್ಲಿ ಕೆನಾಲು ಎಂದರೆ ಒಂದೇ ಅರ್ಥ. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಯ ನೀರನ್ನು ಹೊತ್ತು ಸುರಪುರ, ಶಹಾಪುರದ ಹೊಲಗಳಿಗೆ ಬರುವ ಕಾಲುವೆ ಅದು. ಜೋಳದ ಈ ಕರಿನೆಲದಲ್ಲಿ ಭತ್ತ ಬೆಳೆದದ್ದು ಅದರ ದೆಸೆಯಿಂದ. ಅಕ್ಕಪಕ್ಕದ ಹೊಲದವರು ಒಬ್ಬರ ಮುಖವನ್ನೊಬ್ಬರು ನೋಡದಂತಾದದ್ದೂ ಕೆಲವು ಕಡೆ ಅದರ ದೆಸೆಯಿಂದಲೇ. ಆದ್ದರಿಂದ ‘ಮಾಸ್ತರರಿಗೆ ಕೆನಾಲ್ ಮಾಡಬೇಕಂತೆ’ ಎಂಬ ಸುದ್ದಿ ಓಣಿಯಲ್ಲಿ ಹರಡಿದಾಗ, ಎದುರುಮನೆಯ ಗೌಡರು ಅವಸರದಿಂದ ಬಂದು, “ಯಾವ ಹೊಲದಾಗ ಹಾಯಿಸ್ತಾರಂತ್ರೀ? ಪರಿಹಾರ ಏನರೆ ಕೊಡ್ತಾರೇನು?” ಎಂದು ಕೇಳಿದ್ದು ಅವರ ತಪ್ಪಲ್ಲ. ಬಾಯಿ ತೆರೆದು ಉತ್ತರ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಬೆರಳಿನಿಂದ ಎಡಗೆನ್ನೆಯನ್ನು ತೋರಿಸಿದೆ.

ಕಥೆ ಶುರುವಾದದ್ದು ಬೇಸಿಗೆಯಲ್ಲಿ, ಒಂದು ಲೋಟ ನೀರಿನಿಂದ. ಹರವಿಯ ತಣ್ಣೀರು ಎಡಗಡೆಯ ಕೆಳದವಡೆಗೆ ಸೋಕಿದೊಡನೆ ಒಂದು ಹಲ್ಲು ಜುಮ್ಮೆಂದಿತು. ಜುಮ್ಮೆಂದು ಸುಮ್ಮನಾಗಿದ್ದರೆ ನಾನೂ ಸುಮ್ಮನಿರಬಹುದಿತ್ತು. ನೀರು ಹೊಟ್ಟೆ ಸೇರಿದ ಮೇಲೂ ಅದು ಎರಡು ನಿಮಿಷ ಗುಂಯ್‌ಗುಟ್ಟುತ್ತಿತ್ತು. ಕೆಲವು ದಿನಗಳಲ್ಲಿ ಬಿಸಿ ಚಹಕ್ಕೂ ಅದೇ ಮರ್ಯಾದೆ ಸಿಕ್ಕಿತು. ಆಮೇಲೆ ಚಹವೂ ಬೇಡ, ನೀರೂ ಬೇಡ. ತನ್ನಷ್ಟಕ್ಕೆ ತಾನೇ ಏಳತೊಡಗಿತು. ಅದೂ ನಮ್ಮ ಕೆನಾಲಿನ ನೀರಿನಂತೆ ಚಾಲೂ-ಬಂದ್ ಪದ್ಧತಿಯಲ್ಲಿ. ಹಗಲು ಬಂದ್, ರಾತ್ರಿ ತಲೆಯನ್ನು ದಿಂಬಿಗೆ ಕೊಟ್ಟರೆ ಚಾಲೂ. ಎದ್ದು ಕೂತರೆ ತುಸು ಕಡಿಮೆ, ಮಲಗಿದರೆ ಹೆಚ್ಚು. ಹೀಗಾಗಿ ನಾಲ್ಕು ರಾತ್ರಿ ಮಾಳಿಗೆಯ ಮೇಲೆ ತಿರುಗಾಡಿದೆ. ಗುಡ್ಡದ ಮೇಲಿನ ಟೇಲರ್ ಮಂಜಿಲನ್ನು ಅಷ್ಟು ದೀರ್ಘವಾಗಿ ನಾನು ಎಂದೂ ದಿಟ್ಟಿಸಿರಲಿಲ್ಲ.

ಉಪಚಾರಗಳಿಗೇನೂ ಕೊರತೆಯಿರಲಿಲ್ಲ. ಲವಂಗ, ಉಪ್ಪುನೀರು, ಯಾರೋ ಹೇಳಿದ ತಂಬಾಕಿನ ಪುಡಿ, ಔಷಧದ ಅಂಗಡಿಯ ಹುಡುಗ ತನ್ನದೇ ಜವಾಬ್ದಾರಿಯ ಮೇಲೆ ಕೊಟ್ಟ ಗುಳಿಗೆ. ಒಂದು ಗುಳಿಗೆಯನ್ನಂತೂ ನುಂಗದೆ ಹಲ್ಲಿನ ಬುಡಕ್ಕೇ ಇಟ್ಟುಕೊಂಡು ಒಸಡನ್ನು ಸುಟ್ಟುಕೊಂಡೆ. “ಶಹಾಪುರಕ್ಕ ಹೋಗಿ ತೋರಿಸಿಕೊಂಡು ಬರ್ರಿ, ನಿಮ್ಮ ಕಾಲು ಬೀಳ್ತೀನಿ” ಎಂದಳು ನನ್ನಾಕೆ. ಹೋಗಲಿಲ್ಲ. ನಾನು ಹುಡುಗನಾಗಿದ್ದಾಗ ಹಲ್ಲಿಗೆ ಇದ್ದ ಚಿಕಿತ್ಸೆ ಇಕ್ಕಳವೊಂದೇ. ಮೂವತ್ತು ವರ್ಷ ಹುಡುಗರಿಗೆ ಧೈರ್ಯದ ಪಾಠ ಹೇಳಿದವನಿಗೆ ಆ ಇಕ್ಕಳದ ನೆನಪು ಇನ್ನೂ ಅಳಿದಿರಲಿಲ್ಲ.

ಐದನೆಯ ದಿನ ನೋವು ನಿಂತುಹೋಯಿತು. ಕಡಿಮೆಯಾದದ್ದಲ್ಲ, ದೀಪ ಆರಿಸಿದಂತೆ ನಿಂತಿತು. ತಣ್ಣೀರು ಕುಡಿದು ನೋಡಿದೆ, ಏನೂ ಇಲ್ಲ. ಲವಂಗಕ್ಕೆ ಮನಸ್ಸಿನಲ್ಲೇ ಒಂದು ಪ್ರಶಸ್ತಿಪತ್ರ ಬರೆದು, ಅದೇ ಕಡೆಯಿಂದ ಖಡಕ್ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ಅಗಿದೆ. “ನೋಡಿದೆಯಾ, ಡಾಕ್ಟರಿಗೆ ಕೊಡುವ ರೊಕ್ಕ ಉಳಿಯಿತು” ಎಂದು ಮನೆಯಲ್ಲಿ ಹೇಳಿದೆ. ಆಕೆ ಏನೂ ಹೇಳಲಿಲ್ಲ.

ಮೂರು ವಾರ ಕಳೆದಿತ್ತು. ಒಂದು ಸಂಜೆ ದವಡೆಯ ಕೆಳಗೆ ಒಂದು ಗಂಟು ಕಾಣಿಸಿತು. ನಡುರಾತ್ರಿಯ ಹೊತ್ತಿಗೆ ಗಂಟು ಹೋಗಿ ಬಾವಾಗಿ, ಗದ್ದದ ಕೆಳಗೆಲ್ಲ ಹಬ್ಬಿತು. ಚಳಿಜ್ವರ ಬಂತು. ಬಾಯಿ ಅರ್ಧಕ್ಕಿಂತ ಹೆಚ್ಚು ತೆರೆಯದು. ನನ್ನನ್ನು ನಿಜವಾಗಿ ಹೆದರಿಸಿದ್ದು ಇವು ಯಾವುವೂ ಅಲ್ಲ. ಉಗುಳು ನುಂಗಲಾರದೆ ಅದು ಬಾಯಿಯ ಅಂಚಿನಿಂದ ಅಂಗಿಯ ಮೇಲೆ ಇಳಿಯುತ್ತಿತ್ತು.

ಆಗ ನೆನಪಾದವರು ನನ್ನ ಸೋದರಮಾವ. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಅವರ ಗದ್ದ ಹೀಗೆಯೇ ಬಾತಿತ್ತು. ಗಾಳಿ ಸೋಕಿದೆ ಎಂದು ಎರಡು ದಿನ ಯಂತ್ರ-ತಾಯತವಾಯಿತು. ಮೂರನೆಯ ದಿನ ಎತ್ತಿನ ಗಾಡಿಯಲ್ಲಿ ಯಾದಗಿರಿಗೆ ಹೊರಟರು. ಗಾಡಿ ಭೀಮೆಯ ದಂಡೆಯನ್ನು ಮುಟ್ಟಲಿಲ್ಲ, ನಡುದಾರಿಯಲ್ಲೇ ಹಿಂದಿರುಗಿತು. ಅವರಿಗೆ ಆಗಿದ್ದದ್ದು ಏನೆಂದು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಅವರು ಅದಕ್ಕೆ ಮುಂಚೆ ವಾರಗಟ್ಟಲೆ ಹಲ್ಲು ಹಿಡಿದುಕೊಂಡು ಕೂಡುತ್ತಿದ್ದುದನ್ನು ನನ್ನ ತಾಯಿ ಆಗಾಗ ಹೇಳುತ್ತಿದ್ದಳು. ಅದಕ್ಕೂ ಇದಕ್ಕೂ ಗಂಟು ಹಾಕಿದವರಿಲ್ಲ. ಆ ರಾತ್ರಿ ನಾನು ಹಾಕಿದೆ. ಮಗನನ್ನು ಎಬ್ಬಿಸಿದೆ.

ಶಹಾಪುರ ಸಮೀಪಿಸುವಾಗ ಬೆಳಗು ಹರಿಯುತ್ತಿತ್ತು. ಬೆಟ್ಟದ ಸಾಲಿನಲ್ಲಿ ‘ಮಲಗಿದ ಬುದ್ಧ’ ಕಂಡನು. ಅಷ್ಟು ನಿಶ್ಚಿಂತೆಯಿಂದ ಮಲಗಿದವನನ್ನು ಕಂಡು ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ. ಅಲ್ಲಿಯ ಡಾಕ್ಟರು ಬಾಯೊಳಗೆ ಎರಡು ಬೆರಳಿಡಲು ನೋಡಿದರು, ಹಿಡಿಸಲಿಲ್ಲ. “ಚೀಟಿ ಬರೆಯುತ್ತೇನೆ, ಇಲ್ಲಿ ಇಳಿಯಬೇಡಿ, ನೇರ ಯಾದಗಿರಿಗೆ ನಡೆಯಿರಿ” ಎಂದರು. ಈ ಸಲ ಭೀಮೆಯನ್ನು ದಾಟಿದೆವು. ರಕ್ತನಾಳದ ಮೂಲಕ ಔಷಧ ಏರಿತು, ದವಡೆಯ ಕೆಳಗೆ ಸಣ್ಣದಾಗಿ ಕೊಯ್ದು ಕೀವು ತೆಗೆದರು, ನಾಲ್ಕು ದಿನ ಹಾಸಿಗೆ. ಬಾವು ಗಂಟಲನ್ನು ಮುಚ್ಚುವ ಮೊದಲೇ ಬಂದಿರಿ ಎಂದರು. ಅದು ಪೂರ್ತಿಯಾಗಿ ಹಬ್ಬಿ ನಾಲಗೆಯನ್ನು ಮೇಲಕ್ಕೆ ಒತ್ತಿ ಉಸಿರು ಕಟ್ಟಿಸುವ ಸ್ಥಿತಿಗೆ, 1836ರಲ್ಲಿ ಅದನ್ನು ವಿವರಿಸಿದ ಜರ್ಮನ್ ವೈದ್ಯ ಲುಡ್ವಿಗ್ ಹೆಸರೇ ಉಳಿದಿದೆಯಂತೆ. ಮಾವನ ಕಾಯಿಲೆಗೆ ಅರವತ್ತು ವರ್ಷದ ಮೇಲೆ ಒಂದು ಹೆಸರು ಸಿಕ್ಕಿತು.

ಜ್ವರ ಇಳಿದ ಮೇಲೆ ದಂತವೈದ್ಯೆಯ ಕುರ್ಚಿ. ನನ್ನ ಶಿಷ್ಯೆಯರ ವಯಸ್ಸಿನ ಹುಡುಗಿ. ಆದರೆ ಪ್ರಶ್ನೆ ಕೇಳುವ ಧಾಟಿಯಲ್ಲಿ ನನ್ನನ್ನೇ ಮೀರಿಸಿದಳು. “ನೋವು ನಿಂತಾಗ ಏನು ಮಾಡಿದಿರಿ?” ಎಂದು ಕೇಳಿದಳು. ರೊಟ್ಟಿ ತಿಂದೆ ಎಂದೆ. ಆಕೆ ಕ್ಷಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದಳು. ಹಲ್ಲಿನ ನಡುವೆ ನರ, ರಕ್ತನಾಳಗಳಿರುವ ಮೆದು ತಿರುಳೊಂದಿದೆ. ಹುಳುಕು ಅಲ್ಲಿಗೆ ಮುಟ್ಟಿದಾಗ ನೋವು. ನೋವು ತಟ್ಟನೆ ನಿಂತದ್ದು ತಿರುಳು ಸತ್ತದ್ದರಿಂದ. ಅಳುವ ಕೂಸು ಸುಮ್ಮನಾಯಿತೆಂದು ನಾನು ಹಬ್ಬ ಮಾಡುತ್ತಿದ್ದಾಗ, ಒಳಗೆ ಕೊಳೆತದ್ದು ಬೇರಿನ ತುದಿಯಿಂದ ಮೂಳೆಗಿಳಿಯುತ್ತಿತ್ತು. ಸತ್ತ ತಿರುಳಿಗೆ ರಕ್ತ ಹರಿಯುವುದಿಲ್ಲವಾದ್ದರಿಂದ ಗುಳಿಗೆಯ ಔಷಧ ಅಲ್ಲಿಗೆ ಹೋಗಿ ಮುಟ್ಟುವುದೂ ಇಲ್ಲ. ಕೆಳದವಡೆಯ ಹಿಂದಿನ ಹಲ್ಲುಗಳ ಬೇರಂತೂ ನಾಲಗೆಯ ಕೆಳಗಿನ ಜಾಗಕ್ಕೆ ನೆರೆಮನೆ.

“ಬಿಸಿ-ತಂಪಿನ ನೋವು ನಿಲ್ಲದೆ ಉಳಿದರೆ, ನಿದ್ದೆಗೆಡಿಸಿದರೆ, ಒಸಡಿನ ಮೇಲೆ ಗುಳ್ಳೆಯೆದ್ದರೆ ಎರಡು-ಮೂರು ದಿನದಲ್ಲಿ ಬರಬೇಕಿತ್ತು. ಮುಖ ಬಾತು, ಜ್ವರ ಬಂದು, ಬಾಯಿ ತೆರೆಯಲಾಗದಿದ್ದರೆ, ನುಂಗಲಾಗದಿದ್ದರೆ ಬೆಳಗಾಗುವವರೆಗೂ ಕಾಯಬಾರದು, ದೊಡ್ಡಾಸ್ಪತ್ರೆಗೇ ಹೋಗಬೇಕು” ಎಂದಳು. ಇಷ್ಟನ್ನು ನಮ್ಮ ಶಾಲೆಯ ಗೋಡೆಯ ಮೇಲೆ ಬರೆಸಬಹುದಿತ್ತು. ಗಾದೆಗಳನ್ನೇ ಬರೆಸಿದೆವು.

ಹಲ್ಲನ್ನು ಕೀಳಲಿಲ್ಲ. ಚುಚ್ಚುಮದ್ದಿನಿಂದ ದವಡೆ ಮರಗಟ್ಟಿದ ಮೇಲೆ ಆಕೆ ಹಲ್ಲಿನ ಸುತ್ತ ತೆಳುವಾದ ರಬ್ಬರಿನ ಹಾಳೆ ಬಿಗಿದಳು. ಅದರ ಹೆಸರೇನು ಬಲ್ಲಿರಾ? ರಬ್ಬರ್ ಡ್ಯಾಮ್! 1864ರಲ್ಲಿ ಅಮೆರಿಕದ ಬಾರ್ನಮ್ ಎಂಬ ದಂತವೈದ್ಯನು ಎಂಜಲನ್ನು ತಡೆಯಲು ಹೂಡಿದ ಉಪಾಯ. ಮೊದಲು ಡ್ಯಾಮು, ಆಮೇಲೆ ಕೆನಾಲು. ನಾರಾಯಣಪುರದಲ್ಲಿ ನಡೆದ ಕ್ರಮವೇ ನನ್ನ ಬಾಯಲ್ಲೂ ನಡೆಯಿತು. ನನ್ನ ಹಲ್ಲಿಗೆ ಮೂರು ಕೆನಾಲು. ಕೂದಲೆಳೆಯಂಥ ಅರಗಳಿಂದ ಒಂದೊಂದನ್ನೂ ಕೆರೆದು, ಊರ ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರಿನ ವಾಸನೆಯ ದ್ರವದಿಂದ ತೊಳೆದಳು. ತುದಿಯವರೆಗೂ ಮುಟ್ಟಬೇಕು, ತುದಿ ಬಿಟ್ಟರೆ ಕೆಲಸ ಕೆಟ್ಟಂತೆ ಎಂದು ಅಳೆದಳು, ಮತ್ತೆ ಅಳೆದಳು. ಟೇಲ್ ಎಂಡಿನ ರೈತರಿಗೆ ಇಂಥ ಎಂಜಿನಿಯರು ಸಿಗಬಾರದೇ ಎನಿಸಿತು. ನೋವು? ಮಾಳಿಗೆಯ ನಾಲ್ಕು ರಾತ್ರಿಗಳ ಮುಂದೆ ಅದು ಏನೂ ಅಲ್ಲ. ಇನ್ನೊಂದು ದಿನ ಕರೆದು ಕೆನಾಲುಗಳಿಗೆ ಗಟ್ಟಾಪರ್ಚ ತುಂಬಿದಳು. ಮಲಯದ ಕಡೆಯ ಮರದ ಹಾಲು ಅದು. 1851ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಸಮುದ್ರದಡಿ ಹಾಸಿದ ತಂತಿಗೆ ಇದನ್ನೇ ಹೊದಿಸಿದ್ದರಂತೆ. ಮೇಲೊಂದು ಟೋಪಿ ಕೂಡಿಸಿದ ಮೇಲೆ ಹಲ್ಲು ಮತ್ತೆ ರೊಟ್ಟಿಗೆ ಒದಗಿತು.

ಮೊನ್ನೆ ಸಂಜೆ ಗೌಡರು ಕಟ್ಟೆಯ ಮೇಲೆ ಬಂದು ಕೂತರು. ಕೆನಾಲಿಗೆ ನೀರು ಯಾವಾಗ ಬಿಡುತ್ತಾರೆ ಎಂಬ ಮಾತಾಯಿತು. ಚಹ ಬಂತು, ಅವರು ಬಲಗಡೆಯಿಂದ ಕುಡಿಯುತ್ತಿದ್ದರು.

“ಯಾಕ್ರೀ ಗೌಡ್ರ, ಹಲ್ಲೇನರೆ?”

“ಹೋದ ವಾರ ಭಾಳ ಕಾಡಿತ್ರೀ. ನಾಕು ದಿನ ನಿದ್ದಿಲ್ಲ. ಲವಂಗ ಇಟ್ಟೆ ನೋಡ್ರಿ, ನಿನ್ನಿಂದ ಒಮ್ಮಿಗೇ ಬಂದಾಯ್ತು. ಈಗ ಆರಾಮ ಅದ.”

ನಾನು ಲೋಟವನ್ನು ಕೆಳಗಿಟ್ಟು ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದೆ. ಶಹಾಪುರದ ಬಸ್ಸಿಗೆ ಇನ್ನೂ ಹದಿನೈದು ನಿಮಿಷವಿತ್ತು.